ಮುಖಲಕ್ಷಣವೂ ಅಪರಾಧನಿರ್ಣಯವೂ



ಈ ಸಂಜೆಯ ಕರೆಯೋಲೆಯಲ್ಲಿ ನನ್ನ ವಿಷಯವನ್ನು ‘ವಿಜ್ಞಾನೇಶ್ವರನ ಮಿತಾಕ್ಷರೆ’ ಎಂದು ಅಚ್ಚು ಹಾಕಿಸಿದ್ದಾರೆ. ಅಷ್ಟು ದೊಡ್ಡ ಗ್ರಂಥವನ್ನು ಒಂದು ಗಂಟೆಯಲ್ಲಿ ಬಿಡಿಸಿ ಹೇಳುವ ಸಾಹಸಕ್ಕೆ ನಾನು ಕೈಹಾಕುವವನಲ್ಲ. ಆ ವ್ಯಾಖ್ಯಾನದ ನಾಲ್ಕೈದು ಪಂಕ್ತಿಗಳನ್ನು ಮಾತ್ರ ಹಿಡಿದುಕೊಂಡು, ಅವು ನಮ್ಮ ಜಿಲ್ಲೆಯ ಪ್ರತಿಯೊಂದು ಪೊಲೀಸು ಠಾಣೆಯ ಗೋಡೆಯ ಮೇಲೆ ಇರತಕ್ಕ ಮಾತುಗಳೆಂದು ನಾನು ಏಕೆ ಹಟ ಹಿಡಿದಿದ್ದೇನೆ ಎಂಬುದನ್ನು ತಮ್ಮ ಮುಂದೆ ನಿವೇದಿಸಿಕೊಳ್ಳುವೆನು. ಚಾಲುಕ್ಯ ಆರನೆಯ ವಿಕ್ರಮಾದಿತ್ಯ ಆಳುತ್ತಿದ್ದ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಟೀಕೆ ಬರೆದನೆಂಬುದೂ, ಅದರ ದಾಯವಿಭಾಗವನ್ನು ಕೋಲ್‌ಬ್ರೂಕನು 1810ರಲ್ಲಿ ಇಂಗ್ಲಿಷಿಗೆ ತಿರುಗಿಸಿದ ಮೇಲೆ ಆಸ್ತಿಯ ಪಾಲುಪಟ್ಟಿಯ ವ್ಯಾಜ್ಯಗಳಲ್ಲಿ ದೇಶದ ಹೆಚ್ಚಿನ ಕಡೆ ಅದೇ ಪ್ರಮಾಣವಾಯಿತೆಂಬುದೂ ತಮಗೆ ತಿಳಿದದ್ದೇ. ಅಳಿಯಸಂತಾನದ ಮನೆಗಳಿರುವ ನಮ್ಮ ಸೀಮೆಯಲ್ಲಿ ಆ ಪ್ರಮಾಣಕ್ಕೂ ಅರ್ಧ ಊರೊಳಗೆ ಪ್ರವೇಶವಿರಲಿಲ್ಲ. ಪಾಲಿನ ಪುಟಗಳು ಕೈಯಿಂದ ಕೈಗೆ ಸವೆದವು; ವಿಚಾರಣೆಯ ಪುಟಗಳನ್ನು ತೆರೆದವರು ವಿರಳ.

ಆ ವಿಚಾರಣೆಯ ಭಾಗದಲ್ಲಿ, ಅಭಿಯೋಗಕ್ಕೆ ಗುರಿಯಾದವನಲ್ಲಿಯಾಗಲಿ ಸಾಕ್ಷ್ಯ ನುಡಿಯಬಂದವನಲ್ಲಿಯಾಗಲಿ ದೋಷವಿದೆಯೆಂದು ತೋರಿಸುವ ಚಿಹ್ನೆಗಳನ್ನು ಯಾಜ್ಞವಲ್ಕ್ಯನು ಎಣಿಸುತ್ತಾನೆ. ಅಂಥವನು ನಿಂತೆಡೆಯಲ್ಲಿ ನಿಲ್ಲದೆ ಸರಿದಾಡುತ್ತಾನೆ; ಕಟವಾಯಿಯನ್ನು ನೆಕ್ಕಿಕೊಳ್ಳುತ್ತಾನೆ; ಹಣೆ ಬೆವರುತ್ತದೆ, ಮುಖದ ಕಳೆ ಕೆಡುತ್ತದೆ; ಬಾಯಾರಿ ಮಾತು ಮುಗ್ಗರಿಸುತ್ತದೆ; ನುಡಿದದ್ದು ಹಿಂದುಮುಂದಿಗೆ ಹೊಂದುವುದಿಲ್ಲ; ಎದುರಿನವನ ಮಾತಿಗೆ ಮಾತನ್ನಾಗಲಿ ನೋಟಕ್ಕೆ ನೋಟವನ್ನಾಗಲಿ ಮರಳಿ ಕೊಡುವುದಿಲ್ಲ. ಮೂಡುಬಿದಿರೆಯಲ್ಲಿ ನನಗೆ ಸಂಸ್ಕೃತ ಕಲಿಸಿದ ಪಂಡಿತರು ಈ ಭಾಗವನ್ನು ಪಾಠ ಹೇಳಿದ ದಿನ ಹುಡುಗರಾದ ನಾವು ಒಬ್ಬರ ಮುಖವನ್ನೊಬ್ಬರು ನೋಡಿ ನಕ್ಕೆವು. ಏಕೆಂದರೆ ಪಂಡಿತರೆದುರು ಧಾತುರೂಪ ಒಪ್ಪಿಸಲು ಎದ್ದುನಿಂತ ಪ್ರತಿಯೊಬ್ಬನಲ್ಲಿಯೂ ಆ ಲಕ್ಷಣಗಳೆಲ್ಲವೂ ಸಮಗ್ರವಾಗಿ ಕಾಣುತ್ತಿದ್ದುವು. ಅವರು ನಸ್ಯದ ಡಬ್ಬಿಯನ್ನು ಮುಚ್ಚಿ, ಮೂಲವನ್ನಷ್ಟೇ ಓದಿ ಎದ್ದುಹೋಗುವವನು ಒಂದು ಪಕ್ಷವನ್ನು ಮಾತ್ರ ಕೇಳಿ ತೀರ್ಪು ಕೊಟ್ಟ ಹಾಗೆ ಎಂದು ಗದರಿಸಿ, ವ್ಯಾಖ್ಯಾನದ ಹಾಳೆ ತಿರುಗಿಸಲು ಹೇಳಿದರು. ಮೂಲಕ್ಕಿಂತ ಟೀಕೆಯ ಮೇಲೆಯೇ ಅವರಿಗೆ ಮಮತೆ ಹೆಚ್ಚು. ತಾಳಮದ್ದಳೆಯಲ್ಲಿ ಸಹ ಪದ್ಯಕ್ಕಿಂತ ಅರ್ಥವನ್ನೇ ಕಿವಿಗೊಟ್ಟು ಕೇಳುತ್ತಿದ್ದ ಜೀವ ಅದು; ಅರ್ಥಧಾರಿಯು ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕಿ ಮೌನಗೊಳಿಸಿದನೆಂದರೆ ಸಭೆಯೆಲ್ಲ ಚಪ್ಪಾಳೆ ತಟ್ಟುತ್ತಿದ್ದಾಗ, ಮೌನವಾದವನು ಸೋತನೆಂದು ನಿಮಗೆ ಯಾರು ಹೇಳಿದರು ಎಂದು ಪಕ್ಕದವರನ್ನು ಪೀಡಿಸುವುದು ಅವರ ಸ್ವಭಾವವಾಗಿತ್ತು.

ಟೀಕೆಯಲ್ಲಿ ವಿಜ್ಞಾನೇಶ್ವರನು ಹೇಳುವುದರ ತಾತ್ಪರ್ಯ ಇಷ್ಟು: ಈ ಚಿಹ್ನೆಗಳಿಂದ ದೋಷದ ಸಂಭಾವನೆ ಮಾತ್ರ ಉಂಟಾಗಬಹುದು, ದೋಷದ ನಿಶ್ಚಯ ಸಲ್ಲದು, ಒಬ್ಬನ ವಿಕಾರವು ಹುಟ್ಟುಗುಣವೋ ಒಂದು ನಿಮಿತ್ತದಿಂದ ಬಂದದ್ದೋ ಎಂದು ಬೇರ್ಪಡಿಸಿ ತಿಳಿಯುವುದು ಬಲು ಕಷ್ಟ, ಅತ್ಯಂತ ನಿಪುಣನೊಬ್ಬನು ಬೇರ್ಪಡಿಸಿಯೇ ಬಿಟ್ಟನೆನ್ನಿ, ಆಗಲೂ ಅಷ್ಟರಿಂದಲೇ ಅವನನ್ನು ಸೋತವನೆಂದು ಸಾರಲಾಗದು. ಮುಂದುವರಿದು ಆತನು ತುಸು ಕಟುವಾದ ದೃಷ್ಟಾಂತವೊಂದನ್ನೂ ಕೊಡುತ್ತಾನೆ: ಒಬ್ಬನಲ್ಲಿ ಮರಣಚಿಹ್ನೆ ಕಂಡಿತೆಂದು ಅವನು ಬದುಕಿರುವಾಗಲೇ ಯಾರೂ ಉತ್ತರಕ್ರಿಯೆ ಮಾಡುವುದಿಲ್ಲವಷ್ಟೆ.

ಹುಟ್ಟುಗುಣವೋ ನಿಮಿತ್ತವೋ ಎಂಬ ಈ ಸಂದೇಹವನ್ನು ವಿಜ್ಞಾನೇಶ್ವರನು ಆಟಿಸಂ ಉಳ್ಳವರನ್ನು ಕಂಡು ಎತ್ತಿದನೆಂದು ನಾನು ವಾದಿಸುವುದಿಲ್ಲ. ಲಿಯೋ ಕ್ಯಾನರನು ಆ ಸ್ಥಿತಿಯನ್ನು ವರ್ಣಿಸಿ ಬರೆದದ್ದು 1943ರಲ್ಲಿ. ನಮ್ಮ ಪಾರ್ಲಿಮೆಂಟು ಅದನ್ನು ಕಾಯಿದೆಯೊಳಗೆ ತಂದದ್ದು 1999ರ ನ್ಯಾಷನಲ್ ಟ್ರಸ್ಟ್ ಅಧಿನಿಯಮದಲ್ಲಿ. ಆದರೆ ಯಾಜ್ಞವಲ್ಕ್ಯನ ಆ ಪಟ್ಟಿಯನ್ನು ಓದುವಾಗಲೆಲ್ಲ, ಕಣ್ಣಿಗೆ ಕಣ್ಣು ಕೊಡದ, ನಿಂತಲ್ಲಿ ತೂಗುತ್ತಿರುವ, ಮಾತಿಗೆ ಮಾತು ಜೋಡಿಸದ ನನ್ನ ಮಗನ ರೂಪವೇ ಎದುರಿಗೆ ಬಂದು ನಿಲ್ಲುವುದರಿಂದ, ಈ ವಿಷಯದಲ್ಲಿ ನಾನು ನಿರ್ಲಿಪ್ತ ವಿದ್ವಾಂಸನಾಗಿ ಮಾತನಾಡುತ್ತಿಲ್ಲವೆಂಬುದನ್ನು ತಾವು ಗಮನದಲ್ಲಿಟ್ಟುಕೊಂಡು ಕೇಳಬೇಕು. ಅವನಿಗೆ ಈಗ ಇಪ್ಪತ್ತರ ಮೇಲಾಯಿತು. ಬಸ್ಸುಗಳ ಮೇಲೆ ಅವನಿಗೆ ಬಹಳ ಪ್ರೀತಿ, ಬಿ.ಸಿ. ರೋಡಿನಲ್ಲಿ ನಿಂತನೆಂದರೆ ಧರ್ಮಸ್ಥಳದ ಕಡೆಯ ಬಸ್ಸು ಯಾವುದು, ಪುತ್ತೂರಿನ ಕಡೆಯದು ಯಾವುದು ಎಂಬುದನ್ನು ಹಾರ್ನಿನ ಸದ್ದಿನಿಂದಲೇ ಬಲ್ಲನು.

ಒಮ್ಮೆ ಜಿಲ್ಲೆಯ ಒಂದು ಊರಿನ ಬಸ್‌ಸ್ಟ್ಯಾಂಡಿನಲ್ಲಿ ಯಾರದೋ ಮೊಬೈಲು ಕಾಣೆಯಾಗಿ, ಅಲ್ಲಿಯೇ ಬಹಳ ಹೊತ್ತಿನಿಂದ ನಿಂತಿದ್ದ ಇವನನ್ನು ಠಾಣೆಗೆ ಕರೆದೊಯ್ದರು. ನಾನು ಹೋಗಿ ಸೇರುವಷ್ಟರಲ್ಲಿ ಅವನಿಗೆ ಚಹಾ ತರಿಸಿಕೊಟ್ಟಿದ್ದರು; ಬೈದವರಿಲ್ಲ, ಕೈಮಾಡಿದವರಿಲ್ಲ. ಹೆಡ್ ಕಾನ್‌ಸ್ಟೇಬಲರು ನನ್ನನ್ನು ಗುರುತು ಹಿಡಿದು ಕುರ್ಚಿ ಎಳೆದುಕೊಟ್ಟು, “ಮಾಷ್ಟ್ರೇ, ಹುಡುಗ ಒಪ್ಪಿಕೊಂಡಾಗಿದೆಯಲ್ಲ” ಎಂದು ವಿಷಾದದಿಂದಲೇ ನುಡಿದರು. ಹೇಗೆ ಒಪ್ಪಿಕೊಂಡನೆಂದು ಕೇಳಿದಾಗ, ನನ್ನೆದುರೇ ಮತ್ತೊಮ್ಮೆ ಪ್ರಶ್ನೆ ಹಾಕಿದರು. “ನೀನು ತೆಗೆದದ್ದು ಹೌದಾ?” ಎಂದರೆ ಅವನು “ಹೌದಾ” ಎಂದನು. ಹೇಳಿದವರ ಕೊನೆಯ ಮಾತನ್ನೇ ಹೇಳಿದ ಧಾಟಿಯಲ್ಲಿ ಮರಳಿ ಒಪ್ಪಿಸುವುದು ಅವನ ರೂಢಿ. ಎಳವೆಯಿಂದಲೂ ಅದೇ ಅವನ ಸಂಭಾಷಣೆ. ನಾನು ಅಪ್ಪಣೆ ಪಡೆದು ಅದೇ ಪ್ರಶ್ನೆಯನ್ನು ತಿರುಗಿಸಿ, “ನೀನು ತೆಗೆದದ್ದು ಅಲ್ವಾ?” ಎಂದೆ. “ಅಲ್ವಾ” ಎಂದನು. “ಪ್ರಧಾನಮಂತ್ರಿಗಳು ತೆಗೆದದ್ದು ಹೌದಾ?” ಎಂದೆ. ಅದಕ್ಕೂ “ಹೌದಾ” ಎಂದನು. ಠಾಣೆಯಲ್ಲಿ ಒಬ್ಬಿಬ್ಬರು ನಕ್ಕರು, ಹೆಡ್ ಕಾನ್‌ಸ್ಟೇಬಲರು ನಗಲಿಲ್ಲ. ಮೇಜಿನ ಮೇಲಿದ್ದ ಕಾಗದವನ್ನು ಮಡಚಿ ಡ್ರಾಯರಿಗೆ ಹಾಕಿದರು. ಸ್ವರದಲ್ಲಿದ್ದ ಪ್ರಶ್ನೆ ಕಾಗದಕ್ಕೆ ಇಳಿಯುವಾಗ ಉತ್ತರವಾಗಿಬಿಡುವುದು ಹೀಗೆ.

ಈ ಪ್ರಸಂಗವನ್ನು ಕೇಳಿದ ನನ್ನ ಮಿತ್ರರಾದ ಹಿರಿಯ ವಕೀಲರೊಬ್ಬರಿಗೂ ನನಗೂ ಅಂದಿನಿಂದ ಒಂದು ವಿವಾದ ನಡೆದೇ ಇದೆ. ಅವರ ಪಕ್ಷವನ್ನು ಮೊದಲು ಹೇಳುತ್ತೇನೆ, ಪಂಡಿತರ ಶಿಷ್ಯನಾದುದರಿಂದ. ಪೊಲೀಸು ಅಧಿಕಾರಿಗೆ ಕೊಟ್ಟ ತಪ್ಪೊಪ್ಪಿಗೆಗೆ ನಮ್ಮ ನ್ಯಾಯಾಲಯದಲ್ಲಿ ಬೆಲೆಯೇ ಇಲ್ಲ; 1872ರ ಸಾಕ್ಷ್ಯದ ಕಾಯಿದೆಯಲ್ಲಿದ್ದ ಆ ನಿಷೇಧವು ಈಗಿನ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೆಯ ಕಲಮಿನಲ್ಲಿ ಹಾಗೆಯೇ ಉಳಿದುಬಂದಿದೆ. ಬಂಧನವಾದರೆ ಬಂಧುಗಳಿಗೆ ತಿಳಿಸಬೇಕು, ಸಾಕ್ಷಿಯ ರುಜುವಿನೊಡನೆ ಬಂಧನಪತ್ರ ಬರೆಯಬೇಕು ಎಂದು 1996ರಲ್ಲಿ ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿಧಿಸಿದೆ. ವಕೀಲರನ್ನು ಕಾಣುವ ಹಕ್ಕಿದೆ. ಬುದ್ಧಿ ಸ್ವಸ್ಥವಲ್ಲದವನ ಕೃತ್ಯ ಅಪರಾಧವೇ ಅಲ್ಲವೆಂಬ ನಿಯಮವೂ ಇದೆ. ಇಷ್ಟಿರುವಾಗ ಮಾಷ್ಟ್ರಿಗೆ ಇನ್ನೇನು ಬೇಕು ಎನ್ನುವುದು ಅವರ ಪ್ರಶ್ನೆ.

ನನ್ನ ಉತ್ತರ ಇಂತಿದೆ. ನನ್ನ ಮಗನು ಹುಚ್ಚನಲ್ಲ. ಆ ಬಾಗಿಲಿನಿಂದ ಹೊರಬರುವುದು ನನಗೆ ಬೇಡ, ಅದು ತೆರೆಯುವುದಾದರೂ ಮೊಕದ್ದಮೆಯ ತುದಿಯಲ್ಲಿ. ಒಪ್ಪಿಗೆಗೆ ಕೋರ್ಟಿನಲ್ಲಿ ಬೆಲೆಯಿಲ್ಲವೆಂಬುದು ನಿಜ. ಆದರೆ ಆ ಒಪ್ಪಿಗೆಯನ್ನು ನಂಬಿದ ತನಿಖಾಧಿಕಾರಿಯು ಬೇರೆ ಕಳ್ಳನನ್ನು ಹುಡುಕುವುದನ್ನು ಅಲ್ಲಿಗೇ ನಿಲ್ಲಿಸುತ್ತಾನಲ್ಲ, ಆ ನಷ್ಟವನ್ನು ಯಾವ ಕಲಮು ತುಂಬಿಕೊಡುತ್ತದೆ? ಹೇಳಿಕೆಯಿಂದಾಗಿ ವಸ್ತುವೇನಾದರೂ ದೊರೆತರೆ ಆ ಮಟ್ಟಿಗೆ ಹೇಳಿಕೆಯೂ ಸಾಕ್ಷ್ಯವೇ ಆಗುತ್ತದೆ. ವಕೀಲರಾದರೋ ವಿಚಾರಣೆಯ ನಡುವೆ ಬಂದು ಕಾಣಬಹುದು, ಆದ್ಯಂತವಾಗಿ ಪಕ್ಕದಲ್ಲಿ ಕೂರುವ ಹಕ್ಕು ಅವರಿಗೂ ಇಲ್ಲ. ಮೇಲಾಗಿ ಇವನ ಮಾತಿನ ರೀತಿ ಅವರಿಗೆ ಹೇಗೆ ತಿಳಿಯಬೇಕು?

ನನ್ನ ಮುಖ್ಯ ಆಕ್ಷೇಪಣೆ ಇದಕ್ಕಿಂತ ಮುಂದಿನದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯನ್ನು ನಾನು ಕನ್ನಡಕ ಒರೆಸಿಕೊಂಡು ಓದಿದ್ದೇನೆ. ಲೈಂಗಿಕ ಅಪರಾಧಕ್ಕೆ ತುತ್ತಾದ ವ್ಯಕ್ತಿಗೆ ಮಾನಸಿಕವಾದ ಅಥವಾ ದೈಹಿಕವಾದ ಊನವಿದ್ದರೆ, ಅಧಿಕಾರಿಯು ಮನೆಗೋ ಆ ವ್ಯಕ್ತಿ ಆರಿಸಿದ ಅನುಕೂಲವಾದ ಸ್ಥಳಕ್ಕೋ ಹೋಗಿ, ದುಭಾಷಿಯ ಅಥವಾ ವಿಶೇಷ ಶಿಕ್ಷಕರ ಸಮ್ಮುಖದಲ್ಲಿ ದೂರು ಬರೆದುಕೊಳ್ಳಬೇಕು, ಅದನ್ನು ವೀಡಿಯೋ ಮಾಡಬೇಕು. ಸಾಕ್ಷಿಯಾಗಿ ವಿಚಾರಿಸಬೇಕಾದವನು ಅಂಥವನಾದರೆ ಅವನ ವಾಸಸ್ಥಳದ ಹೊರಗೆ ಎಲ್ಲಿಗೂ ಬರಹೇಳಕೂಡದು. ಗುರುತು ಹಿಡಿಯುವ ಪರೇಡಿನಲ್ಲಿ ಗುರುತಿಸುವವನು ಅಂಥವನಾದರೆ ಮ್ಯಾಜಿಸ್ಟ್ರೇಟರ ಮೇಲ್ವಿಚಾರಣೆ ಬೇಕು. ಇವೆಲ್ಲ ಸ್ತುತ್ಯವಾದ ನಿಯಮಗಳು. 2013ರ ತಿದ್ದುಪಡಿಯ ಕಾಲದಿಂದ ಬಂದವು. ಆದರೆ ಆರೋಪಿಯೇ ಅಂಥವನಾದರೆ? ಅವನ ಹೇಳಿಕೆಯ ಹೊತ್ತಿಗೆ ವಿಶೇಷ ಶಿಕ್ಷಕರು ಬೇಕೆಂಬ ಒಂದು ಪಂಕ್ತಿಯೂ ಇಲ್ಲ. ಹದಿನೆಂಟು ತುಂಬುವವರೆಗೆ ಬಾಲನ್ಯಾಯದ ಕಾಯಿದೆ ಬೇಲಿಯಾಗಿ ನಿಂತಿರುತ್ತದೆ. ಹುಟ್ಟುಹಬ್ಬದ ಮರುದಿನ ಆ ಬೇಲಿ ಇಲ್ಲ. ನ್ಯಾಷನಲ್ ಟ್ರಸ್ಟಿನ ಕಾಯಿದೆಯಂತೆ ಸ್ಥಳೀಯ ಸಮಿತಿಯಿಂದ ನಾನು ಅವನ ಪೋಷಕನೆಂದು ಆದೇಶ ಪಡೆಯಬಹುದು. ಬ್ಯಾಂಕಿನಲ್ಲಿ ನನ್ನ ರುಜು ನಡೆಯಬಹುದು. ವಿಚಾರಣೆಯ ಕೋಣೆಯಲ್ಲಿ ಮಾತ್ರ ಆ ಆದೇಶವು ನನಗೊಂದು ಕುರ್ಚಿಯನ್ನೂ ಕೊಡಿಸದು.

ಇಂಗ್ಲೆಂಡಿನವರಿಗೆ ಈ ಕುರ್ಚಿ ಸುಲಭವಾಗಿ ದೊರೆತದ್ದಲ್ಲ. 1972ರಲ್ಲಿ ಲಂಡನ್ನಿನ ಮ್ಯಾಕ್ಸ್‌ವೆಲ್ ಕಾನ್ಫೇಟ್ ಕೊಲೆಯ ಪ್ರಕರಣದಲ್ಲಿ ಮೂವರು ಹುಡುಗರು ತಪ್ಪೊಪ್ಪಿಕೊಂಡು ಶಿಕ್ಷೆಗೊಳಗಾದರು. ಅವರಲ್ಲಿ ಹದಿನೆಂಟರವನ ಬುದ್ಧಿ ಚಿಕ್ಕ ಮಗುವಿನದು. 1975ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಆ ತೀರ್ಪುಗಳನ್ನು ರದ್ದುಗೊಳಿಸಿತು; ಆ ಪ್ರಕರಣವನ್ನು ಪರಿಶೀಲಿಸಿದ ಫಿಷರ್ ವರದಿ ಬಂತು, ರಾಯಲ್ ಆಯೋಗ ಕುಳಿತಿತು, ಕೊನೆಗೆ 1984ರ ಪೊಲೀಸ್ ಕಾಯಿದೆಯೂ ಅದರ ಸಂಹಿತೆಯೂ ಬಂದು, ಇಂಥ ಆರೋಪಿಯನ್ನು ಪ್ರಶ್ನಿಸುವಾಗ ಪೊಲೀಸರಲ್ಲದ ಒಬ್ಬ ಯೋಗ್ಯ ವಯಸ್ಕ, ಅಂದರೆ ತಂದೆತಾಯಿಯೋ ಪೋಷಕರೋ ಅನುಭವಸ್ಥರೋ, ಪಕ್ಕದಲ್ಲಿರಬೇಕೆಂದಾಯಿತು. ಅವರು ಸುಮ್ಮನೆ ಕುಳಿತು ನೋಡುವವರಲ್ಲ; ಪ್ರಶ್ನೆ ಅವನಿಗೆ ಅರ್ಥವಾಯಿತೇ, ಉತ್ತರ ಅಧಿಕಾರಿಗೆ ಸರಿಯಾಗಿ ತಲುಪಿತೇ ಎಂದು ವಿಚಾರಿಸಿ ನಡುವೆ ಮಾತನಾಡತಕ್ಕವರು.

ಮುಖವನ್ನು ಓದುವ ಈ ಚಾಳಿಯ ಬಗ್ಗೆ ಇನ್ನೊಂದು ಮಾತು. ಮೃಚ್ಛಕಟಿಕ ನಾಟಕದ ಒಂಬತ್ತನೆಯ ಅಂಕದಲ್ಲಿ ಚಾರುದತ್ತನನ್ನು ಕೊಲೆಯ ಆರೋಪದ ಮೇಲೆ ತಂದು ನಿಲ್ಲಿಸಿದಾಗ, ಅಧಿಕರಣಿಕನು, ಎಂದರೆ ನ್ಯಾಯಾಧಿಪತಿಯು, ಅವನ ಎತ್ತರವಾದ ಮೂಗನ್ನೂ ವಿಶಾಲವಾದ ಕಣ್ಣನ್ನೂ ನೋಡಿ ಇಂಥ ಆಕೃತಿಯಲ್ಲಿ ದೋಷವಿರಲಾರದೆಂದು ಭಾವಿಸುತ್ತಾನೆ. ಸಹೃದಯರಿಗೆ ಅದು ರಸಸ್ಥಾನ. ನನಗಾದರೋ ಅಲ್ಲಿ ಭಯವೇ ಆಗುತ್ತದೆ. ಮುಖವು ಒಬ್ಬನ ಪರವಾಗಿ ಸಾಕ್ಷಿ ಹೇಳಬಹುದಾದಲ್ಲಿ ಇನ್ನೊಬ್ಬನಿಗೆ ಅದೇ ಮುಖ ಪ್ರತಿಸಾಕ್ಷಿಯಾಗುವುದು ತಪ್ಪದಲ್ಲವೇ? ಅಷ್ಟು ಚೆಲುವಾದ ಮುಖವೂ ಚಾರುದತ್ತನನ್ನು ಶೂಲದ ಆಜ್ಞೆಯಿಂದ ಉಳಿಸಲಿಲ್ಲ. ಅವನ ಗೆಳೆಯ ವಿದೂಷಕನ ಕಂಕುಳಿನಿಂದ, ಕೊಲೆಯಾದಳೆನ್ನಲಾದವಳ ಒಡವೆಗಳು ಜಾರಿ ಬಿದ್ದುವು, ತೀರ್ಮಾನವಾಗಿಹೋಯಿತು.

ನಾನು ಶಾಸ್ತ್ರ ತಿರುವುತ್ತಿದ್ದಾಗ ನನ್ನ ಮಗನ ತಾಯಿ ಬೇರೆ ದಾರಿ ಹಿಡಿದಳು. ಮೇಲ್ಕಾರಿನಿಂದ ಬಿ.ಸಿ. ರೋಡಿನವರೆಗೆ ಅಂಗಡಿಯವರಿಗೂ ರಿಕ್ಷಾದವರಿಗೂ ಕಂಡಕ್ಟರರಿಗೂ ಅವನ ಪರಿಚಯ ಹೇಳಿಬಂದಳು. ಅಂಗಿಯ ಒಳಬದಿಗೆ ಕಿಸೆ ಹೊಲಿದು ಅಂಗವೈಕಲ್ಯದ ಗುರುತಿನ ಯುಡಿಐಡಿ ಕಾರ್ಡಿನ ಪ್ರತಿಯನ್ನೂ ಫೋನ್ ನಂಬರನ್ನೂ ಇಟ್ಟಳು. ಖಾಕಿ ತೊಟ್ಟವರು ಏನು ಕೇಳಿದರೂ “ಅಪ್ಪ ಬರಲಿ” ಎಂದಷ್ಟೇ ಹೇಳಬೇಕೆಂದು ಪ್ರತಿದಿನ ಅಡಿಗೆಮನೆಯಲ್ಲಿ ಅಭ್ಯಾಸ ಮಾಡಿಸಿದಳು. ನನ್ನ ಹಳೆಯ ಖಾಕಿ ಛತ್ರಿಯ ಚೀಲವನ್ನು ಹೆಗಲಿಗೆ ಹಾಕಿಕೊಂಡು ತಾನೇ ಎಸ್ಸೈ ಆಗಿ ಪ್ರಶ್ನೆ ಕೇಳುತ್ತಿದ್ದಳು. ಈಗ ಅವನು ಅಂಚೆಯವರು ಬಂದರೂ “ಅಪ್ಪ ಬರಲಿ” ಎನ್ನುತ್ತಾನೆ. ಸುಪ್ರೀಂ ಕೋರ್ಟು 1978ರ ನಂದಿನಿ ಸತ್ಪತಿ ಪ್ರಕರಣದಲ್ಲಿ ವಿಸ್ತರಿಸಿ ಹೇಳಿದ ಮೌನದ ಹಕ್ಕನ್ನು ಅವಳು ಎರಡು ಮಾತಿನಲ್ಲಿ ಕಲಿಸಿಬಿಟ್ಟಳೆಂದು ನನ್ನ ವಕೀಲ ಮಿತ್ರರೂ ಒಪ್ಪಿದರು. ಅವರು ನನಗೆ ಸೋತದ್ದಿಲ್ಲ, ಅವಳಿಗೆ ಸೋತರು.

ಅವಳ ಮತ್ತೊಂದು ಸಲಹೆಯನ್ನು ಕುರಿತು ಮಾತ್ರ ನಮ್ಮಲ್ಲಿ ಒಮ್ಮತವಿಲ್ಲ. ಇಂಥ ಮಕ್ಕಳ ಹೆಸರನ್ನೂ ಭಾವಚಿತ್ರವನ್ನೂ ಠಾಣೆಯ ಒಂದು ಪುಸ್ತಕದಲ್ಲಿ ಮೊದಲೇ ಬರೆಯಿಸಿಡಬೇಕೆಂಬುದು ಅವಳ ಹಂಬಲ. ರಕ್ಷಣೆಗೆಂದು ಬರೆದ ಪಟ್ಟಿಯನ್ನು ಊರಿನಲ್ಲಿ ಕಳವಾದ ದಿನ ಮೊದಲು ತೆರೆಯುವುದಿಲ್ಲವೆಂದು ಯಾರು ಭರವಸೆ ಕೊಡುವರು? ಬರೆಯಿಸದೆ ಬಿಟ್ಟರೆ, ಅವನ ಗುರುತಿಲ್ಲದ ಠಾಣೆಯಲ್ಲಿ ಅವನಿಗೆ ಯಾರು ದಿಕ್ಕು? ಆ ಕುರ್ಚಿ ನಾಳೆಯೇ ದೊರೆಯಿತೆನ್ನಿ, ಅದರಲ್ಲಿ ಕೂರತಕ್ಕವನು ತಂದೆಯೇ ಆಗಬೇಕೇ? ಮಗನನ್ನು ರಾತ್ರಿಯಾಗುವುದರೊಳಗೆ ಮನೆಗೆ ಕರೆದೊಯ್ಯುವ ಆತುರದಲ್ಲಿ, ಒಪ್ಪಿಕೊಂಡುಬಿಡು ಮಗಾ ಎನ್ನುವ ನಾಲಗೆಯೂ ತಂದೆಯದೇ ಅಲ್ಲವೇ? “ಅಪ್ಪ ಬರಲಿ” ಎಂಬ ಮಾತಿಗೆ ಬರತಕ್ಕ ಅಪ್ಪನ ವಯಸ್ಸೂ ಕಾಯಿದೆ ಕಾಯುವಷ್ಟು ನಿಧಾನವಾಗಿ ಸಾಗುತ್ತಿಲ್ಲ. ಇವುಗಳಿಗೆ ನನ್ನಲ್ಲಿ ಉತ್ತರವಿಲ್ಲ. ಸಭೆಯಲ್ಲಿ ಯಾರಿಗಾದರೂ ಇದ್ದರೆ ಕೇಳಿ ಹೋಗಬೇಕೆಂದೇ ಬಂದೆ.

ಕಾಯಿದೆ ತಿದ್ದುವುದು ನಮ್ಮ ಕೈಯಲ್ಲಿಲ್ಲ. ಆದರೆ ಅಂಗವಿಕಲನಾದ ಯಾವನಿಗೂ ಉಚಿತವಾಗಿ ಕಾನೂನಿನ ನೆರವು ಸಲ್ಲಬೇಕೆಂದು 1987ರ ಕಾನೂನು ಸೇವಾ ಪ್ರಾಧಿಕಾರಗಳ ಅಧಿನಿಯಮದ 12ನೆಯ ಕಲಮು ಹೇಳುತ್ತದೆ; ಬಂಟ್ವಾಳದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯಿದೆ; ಪ್ಯಾರಾ ಲೀಗಲ್ ಸ್ವಯಂಸೇವಕರೆಂದು ಹೆಸರು ಕೊಡುವವರಿಗೆ ಅಲ್ಲಿ ಅವಕಾಶವೂ ಇದೆ. ಈ ಸಭೆಯಲ್ಲಿ ನಿವೃತ್ತರಾದ ಅಧ್ಯಾಪಕರು ಅನೇಕರು ಕುಳಿತಿದ್ದೀರಿ, ವಿಶೇಷ ಶಾಲೆಯಲ್ಲಿ ಕಲಿಸಿ ಬಂದ ಸೋದರಿಯರೂ ಇದ್ದೀರಿ. ಒಬ್ಬಿಬ್ಬರಾದರೂ ದಯಮಾಡಿ ಹೆಸರು ಬರೆಯಿಸಿಕೊಳ್ಳಿ. ನಮ್ಮ ಮನೆಯಿಂದ ಮಗನ ತಾಯಿಯ ಅರ್ಜಿ ಆಗಲೇ ಹೋಗಿದೆ.