ಶಾಲೆಯೂ ನಾವೂ



ನಾವು ಹಬ್ಬವಾಗಿ ಆಚರಿಸುವ ನವೆಂಬರ್ 1ರಂದೇ, 1956ರಲ್ಲಿ, ಕಾಸರಗೋಡು ಕೇರಳಕ್ಕೆ ಸೇರಿತು. ಆದರೂ ಅಲ್ಲಿನ ಸರಕಾರಿ ಶಾಲೆಗಳಲ್ಲಿ ಕನ್ನಡ ಮಾಧ್ಯಮ ಇಂದಿಗೂ ಉಳಿದಿದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ತಾಯ್ನುಡಿಯ ಪ್ರಾಥಮಿಕ ಶಿಕ್ಷಣ ದೊರೆಯಬೇಕೆಂದು ಸಂವಿಧಾನದ 350ಎ ವಿಧಿ ಹೇಳುವುದು ನಿಜ. ಆದರೆ ವಿಧಿಯೊಂದೇ ಶಾಲೆಯನ್ನು ನಡೆಸಲಾರದು. ತರಗತಿಯಲ್ಲಿ ಮಕ್ಕಳು ಬೇಕು. ಪೆರಡಾಲದಲ್ಲಿ ಅಧ್ಯಾಪಕರಾಗಿದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳಂಥವರು ನುಡಿಗಾಗಿ ಹೋರಾಡಿದರು. ತಾಯ್ತಂದೆಗಳು ಮಕ್ಕಳನ್ನು ಕಳುಹಿಸಿದರು.

ಇಲ್ಲಿ ಕೋಲ್ಕತ್ತದಲ್ಲಿ ನಮ್ಮ ಮಕ್ಕಳು ಬಂಗಾಳಿ, ಹಿಂದಿ, ಇಂಗ್ಲಿಷು ಬಲ್ಲರು. ಊರಿನಿಂದ ಅಜ್ಜಿ ಬರೆದ ಕಾಗದವನ್ನು ಮಾತ್ರ ನಾವೇ ಓದಿ ಹೇಳಬೇಕು. ಬ್ಯಾಂಕಿನ ಗುಮಾಸ್ತರಾದ ನಾವು ಬಲ್ಲೆವು: ಜಮೆಯಿಲ್ಲದ ಖಾತೆಯಿಂದ ಪಡೆಯಲು ಏನೂ ಇರದು. ಭಾನುವಾರ ಒಂದು ಗಂಟೆ ಸಂಘದಲ್ಲಿ ಅಕ್ಷರ ಕಲಿಸೋಣ. ದಯವಿಟ್ಟು ಮಕ್ಕಳನ್ನು ಕಳುಹಿಸಿಕೊಡಿ.