ಮೆರವಣಿಗೆಯ ಬೆಳಕು, ಬ್ಯಾಟರಿಯ ಲೆಕ್ಕ

ಗೌರಿ-ಗಣೇಶ ಹಬ್ಬ ಬಂತು ಅಂದ್ರೆ ನಮ್ಮ ನ್ಯೂಸ್ ರೂಮಿಗೆ ಎರಡು ಥರದ ಸುದ್ದಿ ಬರುತ್ತೆ. ಒಂದು, ಝಗಮಗಿಸೋ ಮೆರವಣಿಗೆ. ಇನ್ನೊಂದು, ಮೆರವಣಿಗೆಯಲ್ಲಿ ಕರೆಂಟ್ ಹೊಡೆದು ಹೋದ ಹುಡುಗನ ಸುದ್ದಿ. ಮೊದಲನೆಯದನ್ನು ಖುಷಿಯಿಂದ ಓದ್ತೀನಿ. ಎರಡನೆಯದನ್ನು ಓದುವಾಗ ಗಂಟಲು ಕಟ್ಟುತ್ತೆ. ಅದು ಬರದೇ ಇರೋಕೆ ಏನು ಮಾಡಬಹುದು? ಇವತ್ತಿನ ಮಾತು ಅಷ್ಟೇ.

ಮಡಿಕೇರಿ ದಸರೆಯ ದಶಮಂಟಪ ನೋಡಿದ್ದೀರಲ್ಲ? ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಮಂಟಪಗಳು ಬೆಳಕಿನಲ್ಲಿ ತೇಲಿದ ಹಾಗೆ ಬೀದಿಗೆ ಬರುತ್ತವೆ. ಅದನ್ನು ನೋಡಿದ ಹುಡುಗರು ನಮ್ಮೂರಲ್ಲೂ ಹಾಗೇ ಮಾಡೋಣ ಅಂತಾರೆ. ಮಾಡಲಿ, ತಪ್ಪೇನಿಲ್ಲ. ಆದರೆ ಟ್ರ್ಯಾಕ್ಟರ್ ಟ್ರೈಲರಿಗೆ ಪಕ್ಕದ ಮನೆಯಿಂದ ವೈರ್ ಎಳೆದು, 230 ವೋಲ್ಟಿನ ಸೀರಿಯಲ್ ಸೆಟ್ ಸುತ್ತುತ್ತಾರೆ ನೋಡಿ, ಅಪಾಯ ಇರೋದು ಅಲ್ಲಿ. ಟ್ರೈಲರ್ ಅಂದ್ರೆ ಕಬ್ಬಿಣ. ವೈರ್ ಎಲ್ಲೋ ಉಜ್ಜಿ, ತಂತಿ ಹೊರಬಂದು ಅದಕ್ಕೆ ತಾಗಿದ್ರೆ ಇಡೀ ಟ್ರೈಲರಿಗೇ ಕರೆಂಟ್. ಟೈರು ರಬ್ಬರಿನದು, ಕರೆಂಟ್ ನೆಲಕ್ಕೆ ಇಳಿಯಲ್ಲ, ಫ್ಯೂಸೂ ಹೋಗಲ್ಲ. ಒದ್ದೆ ನೆಲದ ಮೇಲೆ ನಿಂತು ಮುಟ್ಟಿದವನ ಮೈಯೇ ಅದಕ್ಕೆ ದಾರಿ.

ದಾರಿ ಇಲ್ವಾ? ಇದೆ. 12 ವೋಲ್ಟಿನ ಎಲ್‌ಇಡಿ ಸ್ಟ್ರಿಪ್, ಒಂದು ಬ್ಯಾಟರಿ. ಈ ವೋಲ್ಟೇಜಿಗೆ ಮನುಷ್ಯನನ್ನು ಹಿಡಿದುಕೊಳ್ಳೋ ಶಕ್ತಿ ಇರಲ್ಲ.

ಲೆಕ್ಕ ಸುಲಭ. ಸಣ್ಣ ಎಲ್‌ಇಡಿಯ 5 ಮೀಟರ್ ರೋಲ್ ಸುಮಾರು 24 ವ್ಯಾಟ್ ತಗೊಳ್ಳುತ್ತೆ, ಅಂದ್ರೆ 2 ಆಂಪಿಯರ್. ಹತ್ತು ರೋಲಿಗೆ 20 ಆಂಪಿಯರ್. 100 ಆಂಪಿಯರ್-ಅವರ್ ಬ್ಯಾಟರಿ ಕಾಗದದ ಮೇಲೆ 5 ಗಂಟೆ ಬರಬೇಕು. ಆದ್ರೆ ಬ್ಯಾಟರಿಯನ್ನು ಪೂರ್ತಿ ಇಳಿಸಬಾರದು, ಎರಡೂವರೆ ಗಂಟೆ ಅಂತಲೇ ಇಟ್ಟುಕೊಳ್ಳಿ. ಲೈಟಿಗೆ ಬೇರೆಯೇ ಬ್ಯಾಟರಿ ಇಡಿ, ಇಲ್ಲಾಂದ್ರೆ ಅರ್ಧ ದಾರಿಯಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಆಗಲ್ಲ. ಲಾರಿಯಾದ್ರೆ ಇನ್ನೊಂದು ವಿಷಯ: ದೊಡ್ಡ ಲಾರಿಗಳಲ್ಲಿ ಇರೋದು 24 ವೋಲ್ಟ್. ಅದಕ್ಕೆ 12ರ ಸ್ಟ್ರಿಪ್ ಕೊಟ್ಟರೆ ಸುಟ್ಟು ಹೋಗುತ್ತೆ.

ಹಾಗಂತ 12 ವೋಲ್ಟ್ ಸಾಧು ಅಂದ್ಕೋಬೇಡಿ. ಅದು ಶಾಕ್ ಹೊಡೆಯಲ್ಲ, ಬೆಂಕಿ ಹಚ್ಚುತ್ತೆ. ಪ್ಲಸ್ಸೂ ಮೈನಸ್ಸೂ ಒಂದಕ್ಕೊಂದು ತಾಗಿದ್ರೆ ಬ್ಯಾಟರಿಯಿಂದ ನೂರಾರು ಆಂಪಿಯರ್ ಹರಿದು ವೈರ್ ಕೆಂಪಗೆ ಕಾಯುತ್ತೆ. ಪಕ್ಕದಲ್ಲೇ ಇರೋದು ಏನು? ಥರ್ಮೋಕೋಲ್, ಬಟ್ಟೆ, ಬಣ್ಣದ ಕಾಗದ! ಅದಕ್ಕೇ ಬ್ಯಾಟರಿಯ ಪ್ಲಸ್ ಪಕ್ಕದಲ್ಲೇ 25 ಆಂಪಿಯರಿನ ಫ್ಯೂಸ್ ಇರಲಿ, ಪ್ರತಿ ರೋಲಿಗೂ 3 ಆಂಪಿಯರಿನದು ಒಂದೊಂದು. ಮುಖ್ಯ ವೈರ್ 4 ಸ್ಕ್ವೇರ್ ಎಂಎಂ ತಾಮ್ರದ್ದಾಗಿರಲಿ. ರೋಲುಗಳನ್ನು ಒಂದರ ಬಾಲಕ್ಕೆ ಒಂದು ಕಟ್ಟಬೇಡಿ. ಕೊನೆಯದು ಮಂಕಾಗುತ್ತೆ, ಮೊದಲನೆಯದು ಬಿಸಿಯಾಗುತ್ತೆ. ಎಲ್ಲದಕ್ಕೂ ಮುಖ್ಯ ವೈರಿನಿಂದಲೇ ಬೇರೆ ಬೇರೆ ಕನೆಕ್ಷನ್ ಕೊಡಿ.

ಇಷ್ಟೆಲ್ಲ ಮಾಡಿದ ಮೇಲೂ ಒಂದು ಸಲ ತಲೆ ಎತ್ತಿ ನೋಡಿ. 2022ರ ಏಪ್ರಿಲ್ 27ರಂದು ತಂಜಾವೂರಿನ ಬಳಿಯ ಕಳಿಮೇಡು ಗ್ರಾಮದಲ್ಲಿ ತೇರು ಹೈಟೆನ್ಷನ್ ತಂತಿಗೆ ತಾಗಿ 11 ಜನ ಸತ್ತರು. ಅದರಲ್ಲಿ ಮಕ್ಕಳೂ ಇದ್ದರು. 2023ರ ಜೂನಿನಲ್ಲಿ ತ್ರಿಪುರಾದ ಕುಮಾರ್‌ಘಾಟ್‌ನಲ್ಲೂ ರಥ ತಂತಿಗೆ ತಗುಲಿ ಹಲವರು ಪ್ರಾಣ ಬಿಟ್ಟರು. ಮೇಲಿನ ತಂತಿಗೆ ನಿಮ್ಮ ಲೈಟು 12 ವೋಲ್ಟೋ 230 ವೋಲ್ಟೋ ಅನ್ನೋದು ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಎತ್ತರ ಮಾತ್ರ. ಮೆರವಣಿಗೆಯ ಹಿಂದಿನ ದಿನ ಹಗಲು ಹೊತ್ತಿನಲ್ಲೇ ಇಡೀ ದಾರಿ ನಡೆದು ನೋಡಿ. ತಂತಿ ಜೋತಿರೋ ಕಡೆ ಎಸ್ಕಾಂಗೆ ಹೇಳಿ ಲೈನ್ ಆಫ್ ಮಾಡಿಸಿ. ಕೋಲಿನಿಂದ ತಂತಿ ಎತ್ತೋ ಸಾಹಸ ಮಾತ್ರ ಯಾರೂ ಮಾಡಬೇಡಿ.

ಸಮಿತಿಯ ಹಿರಿಯರಿಗೆ ನನ್ನದು ಒಂದೇ ಪ್ರಶ್ನೆ. ಡಿಜೆಗೆ ಸಾವಿರಗಟ್ಟಲೆ ಕೊಡ್ತೀರಿ. ಒಂದು ಬ್ಯಾಟರಿ, ನಾಲ್ಕಾರು ಫ್ಯೂಸ್, ಒಬ್ಬ ಬಲ್ಲ ಎಲೆಕ್ಟ್ರಿಷಿಯನ್‌ಗೆ ಚಂದಾ ದುಡ್ಡಿನಲ್ಲಿ ಜಾಗ ಇಲ್ವಾ? ವಿಸರ್ಜನೆ ಆಗಬೇಕಾದ್ದು ಗಣಪತಿ. ಕಳಿಸಿಕೊಟ್ಟ ಹುಡುಗರು ಎಲ್ಲರೂ ಮನೆಗೆ ವಾಪಸ್ ಬರಬೇಕು.

ಯೋಚನೆ ಮಾಡಿ.