ಹೊಲದ ಮಣ್ಣೇ ನಮ್ಮ ಮೊದಲ ಬಂಡವಾಳ

(ಯಲವಿಗಿ ಭಾಗದ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಮಾಡಿದ ಭಾಷಣ)



ಪ್ರತಿ ಸಭೆಯಲ್ಲಿ ನಾವು ಉಳಿತಾಯ, ಸಾಲ, ಮರುಪಾವತಿ, ಬ್ಯಾಂಕಿನ ಪಾಸ್‌ಬುಕ್ಕು ಇವುಗಳ ಬಗ್ಗೆ ಮಾತಾಡುತ್ತೇವೆ. ಇವತ್ತು ಕಲ್ಲು ಮತ್ತು ಮಣ್ಣಿನ ಬಗ್ಗೆ ಮಾತಾಡೋಣ. "ಕಲ್ಲಿನ ಬಗ್ಗೆ ಮಾತಾಡಾಕ ಏನೈತ್ರಿ ಸಿಸ್ಟರ್?" ಎಂದು ನೀವು ಕೇಳಬಹುದು. ಇದಕ್ಕೆ ಒಬ್ಬ ತಂಗಿ ಆಡಿದ ಮಾತೇ ಕಾರಣ.

ಕೆಲವು ವರ್ಷಗಳ ಹಿಂದೆ ಒಂದು ಸಂಘದ ಸದಸ್ಯೆ ಗೋವಿನಜೋಳದ ಬೀಜ, ಗೊಬ್ಬರಕ್ಕೆಂದು ಸಾಲ ತೆಗೆದುಕೊಂಡರು. ಬಿತ್ತಿ, ಗೊಬ್ಬರ ಹಾಕಿ ನಾಲ್ಕು ದಿನ ಆಗಿತ್ತು. ಸಂಜೆ ಒಂದು ತಾಸು ಜೋರು ಮಳೆ ಬಂತು. ಬೆಳಗಾಗುತ್ತಲೇ ಹೋಗಿ ನೋಡಿದರೆ ಹೊಲದ ಇಳಿಜಾರಿನ ಉದ್ದಕ್ಕೂ ಕೊರಕಲು ಬಿದ್ದಿತ್ತು. ಬೀಜ, ಗೊಬ್ಬರ, ಮೇಲಿನ ಮಣ್ಣು ಎಲ್ಲಾ ಹಳ್ಳ ಸೇರಿತ್ತು. "ಸಾಲ ಉಳೀತ್ರಿ ಸಿಸ್ಟರ್, ಮಣ್ಣು ಹೋತು" ಎಂದರು ಆ ತಂಗಿ.

ಅವರು ಕೂಲಿ ಮಾಡಿ ಕೊನೆಯ ರೂಪಾಯಿವರೆಗೆ ಸಾಲ ತೀರಿಸಿದರು. ಪುಸ್ತಕದಲ್ಲಿ "ಮರುಪಾವತಿ ಪೂರ್ಣ" ಎಂದು ಬರೆದೆವು. ಹೋದ ಮಣ್ಣನ್ನು ಮಾತ್ರ ಯಾವ ಪುಸ್ತಕದಲ್ಲಿಯೂ ಬರೆಯಲಿಲ್ಲ. ಸಾಲ ಕೊಡುವಾಗ ಜಾಮೀನು ಯಾರು, ಕಂತು ಎಷ್ಟು ಎಂದು ಕೇಳಿದ್ದೆವು. ನಿಮ್ಮ ಹೊಲದ ಬದು ಗಟ್ಟಿ ಇದೆಯೇ ಎಂದು ಕೇಳಿರಲಿಲ್ಲ. ಅದು ನಮ್ಮ ತಪ್ಪು. ಇವತ್ತಿನ ಮಾತು ಆ ತಪ್ಪಿನಿಂದಲೇ ಹುಟ್ಟಿದ್ದು.

ಕಲ್ಲು ಮಣ್ಣಾಗುವುದು ಹೇಗೆ?

ಬೀಸುಕಲ್ಲನ್ನು ನೆನೆಸಿಕೊಳ್ಳಿ. ಜೋಳ ಬೀಸುವುದು ಒಂದು ಕೆಲಸ. ಬೀಸಿದ ಹಿಟ್ಟನ್ನು ಬಳಿದುಕೊಂಡು ಒಯ್ಯುವುದು ಇನ್ನೊಂದು ಕೆಲಸ. ಭೂಮಿಯ ಮೇಲೂ ಹೀಗೆಯೇ ಎರಡು ಕೆಲಸ ನಡೆಯುತ್ತವೆ. ಕಲ್ಲು ಇದ್ದಲ್ಲಿಯೇ ಸಡಿಲಾಗಿ ಪುಡಿಯಾಗುವುದಕ್ಕೆ ಶಿಥಿಲೀಕರಣ ಎನ್ನುತ್ತಾರೆ. ಆ ಪುಡಿಯನ್ನು ನೀರು, ಗಾಳಿ ಹೊತ್ತುಕೊಂಡು ಹೋಗುವುದಕ್ಕೆ ಸವಕಳಿ ಎನ್ನುತ್ತಾರೆ.

ಕಲ್ಲನ್ನು ಬೀಸುವವರು ಯಾರು? ಮೊದಲನೆಯದು ಬಿಸಿಲು. ಹಗಲು ಕಾದ ಬಂಡೆ ಹಿಗ್ಗುತ್ತದೆ, ರಾತ್ರಿ ತಣ್ಣಗಾಗಿ ಕುಗ್ಗುತ್ತದೆ. ವರ್ಷಾನುಗಟ್ಟಲೆ ಹೀಗಾದರೆ ಬಿರುಕು ಬಿಟ್ಟು ಹೆಕ್ಕಳಿಕೆ ಏಳುತ್ತದೆ. ಎರಡನೆಯದು ಬೇರು. ಹಳೇ ಗೋಡೆಯ ಸಂದಿಯಲ್ಲಿ ಅರಳಿ ಸಸಿ ಹುಟ್ಟಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಬಂಡೆಯಲ್ಲೂ ಬೇರು ಅದೇ ಕೆಲಸ ಮಾಡುತ್ತದೆ. ಮೂರನೆಯದು ಮಳೆನೀರು. ಮಳೆಹನಿ ಬರುವಾಗ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಹುಣಸೆಹುಳಿ ಹಾಕಿ ತಿಕ್ಕಿದರೆ ಹಿತ್ತಾಳೆಯ ಕಿಲುಬು ಹೋಗುವುದಿಲ್ಲವೇ? ಹುಳಿಗೆ ಅಂಥ ಶಕ್ತಿ ಇದೆ. ಮಳೆಯ ಹುಳಿ ಬಹಳ ಕಡಿಮೆ, ಆದರೆ ಅದಕ್ಕೆ ಸಾವಿರಾರು ವರ್ಷ ಸಮಯ ಇದೆ. ನಾಲ್ಕನೆಯದು ನಾವು ಮಸಾಲೆಗೆ ಹಾಕುವ ಕಲ್ಲುಹೂವಿನ ಜಾತಿಯ ಜೀವಿಗಳು. ಇವು ಬಂಡೆಗೆ ಅಂಟಿಕೊಂಡು, ಹುಳಿ ಬಿಟ್ಟು ಕಲ್ಲನ್ನು ಮೆತ್ತಗೆ ಮಾಡುತ್ತವೆ.

ನಮ್ಮ ಭಾಗದ ಅಡಿಯಲ್ಲಿರುವ ಧಾರವಾಡ ಶಿಲೆಗಳಿಗೆ 250 ಕೋಟಿ ವರ್ಷಕ್ಕಿಂತ ಹೆಚ್ಚು ವಯಸ್ಸು. ಅಷ್ಟು ಹಳೆಯ ಕಲ್ಲು ಸವೆದು ನಮ್ಮ ಹೊಲ ಆಗಿದೆ. ಕಲ್ಲಿನೊಳಗಿನ ಕಬ್ಬಿಣ ತುಕ್ಕು ಹಿಡಿದದ್ದರಿಂದ ಮಸಾರಿ ಭೂಮಿ ಕೆಂಪಾಯಿತು. ಕಲ್ಲಿನ ಕೆಲವು ಖನಿಜಗಳು ನುಣ್ಣನೆಯ ಜೇಡಿಯಾದದ್ದರಿಂದ ಎರಿ ಭೂಮಿ ಆಯಿತು. ಆ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಮಣ್ಣೆತ್ತಿನ ಅಮವಾಸ್ಯೆಗೆ ಎತ್ತು ಮಾಡುವಾಗ, ಆಷಾಢದಲ್ಲಿ ಗುಳ್ಳವ್ವನ್ನ ಮಾಡುವಾಗ ಕೈಗೆ ಅಂಟುವ ಮಣ್ಣು ಒಂದು ಕಾಲಕ್ಕೆ ಬಂಡೆಯಾಗಿತ್ತು.

ಒಂದು ಇಂಚು ಮಣ್ಣು ಆಗಬೇಕಾದರೆ ನೂರಾರು ವರ್ಷ ಬೇಕು, ಕೆಲವು ಕಡೆ ಸಾವಿರ ವರ್ಷವೂ ಬೇಕು. ಅದು ಹೋಗುವುದಕ್ಕೆ ಕೆಲವೇ ಮಳೆಗಾಲ ಸಾಕು.

ಮಣ್ಣು ಹೋಗುವುದು ಹೇಗೆ?

ಮಳೆಗಾಲದಲ್ಲಿ ಮನೆಯ ಗೋಡೆಯ ಬುಡ ನೋಡಿ. ಅರ್ಧ ಮೊಳದವರೆಗೆ ರಾಡಿ ಸಿಡಿದಿರುತ್ತದೆ. ಅದನ್ನು ಯಾರೂ ಎರಚಿಲ್ಲ, ಮಳೆಹನಿಯೇ ಎಬ್ಬಿಸಿದ್ದು. ಬಯಲು ಬಿಟ್ಟ ಹೊಲದಲ್ಲಿ ಒಂದೊಂದು ಹನಿಯೂ ಹೀಗೆ ಮಣ್ಣಿನ ಕಣ ಬಿಡಿಸುತ್ತದೆ. ಬಿಡಿಸಿದ ಕಣವನ್ನು ಹರಿಯುವ ನೀರು ಎತ್ತಿಕೊಳ್ಳುತ್ತದೆ. ಮೊದಲು ತೆಳ್ಳಗೆ ಹರಿಯುತ್ತದೆ, ಆಮೇಲೆ ಸಣ್ಣ ಗೀರು, ಆಮೇಲೆ ಕೊರಕಲು, ಕೊನೆಗೆ ಹಳ್ಳ.

ಹರಿಯುವ ನೀರಿನ ಶಕ್ತಿ ತಿಳಿಯಬೇಕಾದರೆ ಯಲವಿಗಿ ಸ್ಟೇಷನ್ನಿಗೆ ಹೋದಾಗ ಹಳಿಯ ಕೆಳಗಿನ ಜಲ್ಲಿ ನೋಡಿ. ಮಷೀನಿನಲ್ಲಿ ಒಡೆದ ಕಲ್ಲು, ಮೂಲೆ ಮೂಲೆ ಚೂಪಾಗಿರುತ್ತದೆ. ವರದಾ ನದಿಯ ದಂಡೆಯಲ್ಲಿ ಉರುಳಿ ಬಂದ ಹರಳು ನೋಡಿ, ಗುಂಡಗೆ ನುಣ್ಣಗಿರುತ್ತದೆ. ನೀರಿನಲ್ಲಿ ಒಂದಕ್ಕೊಂದು ತಿಕ್ಕಿ ಮೂಲೆಗಳು ಸವೆದು ಹೋಗಿವೆ. ಕಲ್ಲನ್ನೇ ಉರುಳಿಸುವ ನೀರಿಗೆ ಹೊಲದ ಮಣ್ಣು ಯಾವ ಲೆಕ್ಕ?

ನಾವು ಉಳಿತಾಯದ ಬಗ್ಗೆ ಹೇಳುವಾಗ "ಹನಿ ಹನಿ ಕೂಡಿದರೆ ಹಳ್ಳ" ಎನ್ನುತ್ತೇವೆ. ಹೊಲದಲ್ಲಿ ಮಾತ್ರ ಹನಿ ಹನಿ ಕೂಡಿ ಹಳ್ಳ ಆಗಲು ಬಿಡಬಾರದು. ಹನಿ ಬಿದ್ದಲ್ಲೇ ಇಂಗಬೇಕು.

ಎಷ್ಟು ಮಣ್ಣು ಹೋಗುತ್ತದೆ?

ಒಂದು ಎಕರೆ ಹೊಲದಿಂದ ಒಂದು ಮಿಲಿಮೀಟರ್, ಅಂದರೆ ಉಗುರಿನ ದಪ್ಪ ಮಣ್ಣು ಹೋದರೆ ಕಣ್ಣಿಗೆ ಏನೂ ಕಾಣುವುದಿಲ್ಲ. ಲೆಕ್ಕ ಹಾಕಿದರೆ ಅದು ಸುಮಾರು 5 ಟನ್. 50 ಕಿಲೋದ ಚೀಲ ತುಂಬಿದರೆ 100 ಚೀಲ. ಯಾರಾದರೂ ರಾತ್ರಿ ಬಂದು ನಮ್ಮ ಹೊಲದಿಂದ 100 ಚೀಲ ಒಯ್ದರೆ ಸುಮ್ಮನಿರುತ್ತೇವೆಯೇ? ಇಡೀ ದೇಶದ ಸರಾಸರಿಯಾಗಿ ವರ್ಷಕ್ಕೆ ಹೆಕ್ಟೇರಿಗೆ 16 ಟನ್‌ಗಿಂತ ಹೆಚ್ಚು ಮಣ್ಣು ಸವೆಯುತ್ತದೆ ಎಂದು ವಿಜ್ಞಾನಿಗಳು 1983ರಲ್ಲಿ ಅಂದಾಜು ಮಾಡಿದ್ದರು. ಎಕರೆಗೆ ಆರೂವರೆ ಟನ್ ಆಯಿತು. ಹೋಗುವುದು ಮೇಲಿನ ಪದರ. ಕೊಟ್ಟಿಗೆ ಗೊಬ್ಬರದ ಸತ್ವ, ಸಂಘದ ಸಾಲದಿಂದ ತಂದ ಗೊಬ್ಬರ ಎಲ್ಲಾ ಅದರಲ್ಲೇ ಇರುತ್ತದೆ.

ಈ ಮಣ್ಣು ಎಲ್ಲಿ ಹೋಗುತ್ತದೆ? ಸ್ವಲ್ಪ ಕೆಳಗಿನ ಹೊಲಕ್ಕೆ, ಸ್ವಲ್ಪ ಕೆರೆಗೆ, ಉಳಿದದ್ದು ನದಿಗೆ. ವರದಾ ನದಿ ಗಳಗನಾಥದ ಹತ್ತಿರ ತುಂಗಭದ್ರೆ ಸೇರುತ್ತದೆ. ಹೊಸಪೇಟೆಯ ಬಳಿಯ ತುಂಗಭದ್ರಾ ಜಲಾಶಯದಲ್ಲಿ 1953ರಲ್ಲಿ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. 2016ರ ಸಮೀಕ್ಷೆಯಲ್ಲಿ ಅದು ಸುಮಾರು 106 ಟಿಎಂಸಿಗೆ ಇಳಿದಿತ್ತು. ಐದು ಕೊಡದಲ್ಲಿ ಒಂದು ಕೊಡದ ಜಾಗ ಹೂಳು ತುಂಬಿದ ಹಾಗೆ. ಮೇಲಿನ ಜಿಲ್ಲೆಗಳ ಹೊಲ, ಗುಡ್ಡಗಳ ಮಣ್ಣು ಅಲ್ಲಿದೆ. ನಮಗೂ ನಷ್ಟ, ಆ ನೀರನ್ನು ನಂಬಿದ ಕೆಳಗಿನ ರೈತರಿಗೂ ನಷ್ಟ.

ನಾವೇನು ಮಾಡಬಹುದು?

ಕಲ್ಲು ಸವೆಯುವುದನ್ನು ನಿಲ್ಲಿಸಲು ಆಗುವುದಿಲ್ಲ, ನಿಲ್ಲಿಸಬಾರದು ಕೂಡ. ಅದು ನಿಂತರೆ ಹೊಸ ಮಣ್ಣೇ ಇಲ್ಲ. ಮಣ್ಣು ಓಡುವುದನ್ನು ನಿಧಾನ ಮಾಡಬಹುದು.

ಮೊದಲು, ಇಳಿಜಾರಿಗೆ ಅಡ್ಡವಾಗಿ ಹರಗಬೇಕು, ಅಡ್ಡವಾಗಿ ಬಿತ್ತಬೇಕು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಇಳಿಜಾರಿನ ಗುಂಟ ಸಾಲು ಬಿಟ್ಟರೆ ನೀರಿಗೆ ನಾವೇ ದಾರಿ ಮಾಡಿಕೊಟ್ಟಂತೆ.

ಎರಡು, ಬದು ಕಾಯಬೇಕು. 2001ರಿಂದ 2009ರವರೆಗೆ ಸುಜಲ ಜಲಾನಯನ ಯೋಜನೆ ನಡೆದ ಐದು ಜಿಲ್ಲೆಗಳಲ್ಲಿ ನಮ್ಮ ಹಾವೇರಿಯೂ ಒಂದು. ಬದು, ಕೃಷಿ ಹೊಂಡದ ಕೆಲಸಗಳ ಜೊತೆಗೆ ಸ್ವಸಹಾಯ ಸಂಘಗಳೂ ಅದರಲ್ಲಿ ಸೇರಿದ್ದವು. ಆದರೆ ಒಂದು ಸಾಲು ಹೆಚ್ಚಿಗೆ ಬಿತ್ತುವ ಆಸೆಗೆ ವರ್ಷ ವರ್ಷ ಬದು ಸವರುತ್ತಾ ಬಂದರೆ ಯಾವ ಯೋಜನೆ ತಾನೇ ಉಳಿದೀತು? ಎರಿ ಹೊಲದಲ್ಲಿ ಬದು ಹಾಕಿದರೆ ಸಾಲದು. ಹೆಚ್ಚಿನ ನೀರು ಮೆಲ್ಲಗೆ ಹೊರಹೋಗಲು ಕಲ್ಲು ಜೋಡಿಸಿದ ಕೋಡಿ ಇಡಬೇಕು. ಇಲ್ಲದಿದ್ದರೆ ನೀರು ನಿಂತು ಬಿರುಕಿನಲ್ಲಿ ನುಗ್ಗಿ ಬದುವನ್ನೇ ಒಡೆಯುತ್ತದೆ.

ಮೂರು, ಬದುವಿನ ಮೇಲೆ ಹುಲ್ಲು ಬೆಳೆಸಬೇಕು. ಗುಂಡ್ಲುಪೇಟೆ ಕಡೆಯ ರೈತರು ತಲೆತಲಾಂತರದಿಂದ ಹೊಲದ ಅಂಚಿಗೆ ಲಾವಂಚ ಬೆಳೆಸಿದವರು. ಅದರ ಬೇರು ಆಳಕ್ಕೆ ಇಳಿದು ಮಣ್ಣು ಹಿಡಿಯುತ್ತದೆ, ಎಳೆ ಹುಲ್ಲು ದನಕ್ಕೂ ಆಗುತ್ತದೆ.

ನಾಲ್ಕು, ಮಣ್ಣನ್ನು ಬತ್ತಲೆ ಬಿಡಬಾರದು. ಗೋವಿನಜೋಳದ ದಂಟು ಸುಡಬೇಡಿ. ಸಾಲಿನ ನಡುವೆ ಅಲಸಂದಿ, ಹೆಸರು ಹಾಕಿ. ಎಲೆಯ ಮೇಲೆ ಬಿದ್ದ ಹನಿ ಮಣ್ಣಿಗೆ ಏಟು ಕೊಡುವುದಿಲ್ಲ.

ಐದು, ಕೆರೆಯ ಹೂಳು ತೆಗೆಯುವಾಗ ಅದನ್ನು ಹೊಲಕ್ಕೆ ತನ್ನಿ. ಅದು ನಮ್ಮದೇ ಮಣ್ಣು.

"ಹೊಲ ನಮ್ಮ ಹೆಸರಿಲೆ ಇಲ್ರಿ, ಗಂಡಸರು ಕೇಳಂಗಿಲ್ಲ" ಎಂದು ಕೆಲವರು ಹೇಳುತ್ತೀರಿ. ನಿಜ. ಆದರೆ ಕಳೆ ತೆಗೆಯುವವರು, ಬುತ್ತಿ ಒಯ್ಯುವವರು, ಸಾಲಕ್ಕೆ ಸಹಿ ಹಾಕುವವರು ನೀವು. ಸಹಿ ಹಾಕುವ ಕೈಗೆ ಕೇಳುವ ಹಕ್ಕೂ ಇದೆ. ಮಾತಿಗೆ ಒಪ್ಪದವರು ಕಣ್ಣಿಗೆ ಕಂಡರೆ ಒಪ್ಪುತ್ತಾರೆ. ಮೊದಲ ದೊಡ್ಡ ಮಳೆಗೆ ಹೊಲದಿಂದ ಹೊರಹೋಗುವ ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಮನೆಯ ಕಟ್ಟೆಯ ಮೇಲೆ ಇಡಿ. ಬೆಳಗಾಗುವುದರೊಳಗೆ ತಳದಲ್ಲಿ ಕೂತ ಮಣ್ಣನ್ನು ಮನೆಯವರಿಗೆಲ್ಲ ತೋರಿಸಿ.

ಇನ್ನು ಮುಂದೆ ಬೇಸಾಯದ ಸಾಲ ಕೊಡುವಾಗ ನಮ್ಮ ಸಂಘಗಳಲ್ಲಿ ಒಂದು ಪ್ರಶ್ನೆ ಸೇರಿಸೋಣ: ಬದು ಗಟ್ಟಿ ಇದೆಯೇ? ಇಲ್ಲ ಎಂದರೆ ಸಾಲ ನಿಲ್ಲಿಸುವುದು ಬೇಡ. ಸುಗ್ಗಿಯಲ್ಲಿ ಮುಯ್ಯಾಳು ಹೋಗುವ ಹಾಗೆ ಹತ್ತು ಜನ ಸೇರಿ, ಹೊಲದ ಕಲ್ಲು ಆರಿಸಿ, ಆ ತಂಗಿಯ ಬದು ಮೊದಲು ಕಟ್ಟಿಕೊಡೋಣ. ಮುಂದಿನ ವಾರ ಇನ್ನೊಬ್ಬರದು. "ಸಾಲ ಉಳೀತು, ಮಣ್ಣು ಹೋತು" ಎನ್ನುವ ಮಾತು ಈ ಸಭೆಯಲ್ಲಿ ಮತ್ತೆ ಕೇಳಬಾರದು. ಸಾಲ ತೀರಬೇಕು, ಮಣ್ಣು ಉಳಿಯಬೇಕು.